ಸ್ಕೂಟರ್ ಓಡಿಸಿದ್ದಕ್ಕೆ, ಪರಂಗಿ ಹಣ್ಣು ತಿಂದಿದ್ದಕ್ಕೆ ಅಬಾರ್ಷನ್ ಆಯ್ತಾ?

ಪ್ರಶ್ನೆ: ಇದು ನನ್ನ ಮೊದಲ ಬಸಿರು. ಒಂಬತ್ತನೇ ವಾರದ ಸ್ಕ್ಯಾನ್‌ನಲ್ಲಿ ಹಾರ್ಟ್‌ಬೀಟ್ ಇಲ್ಲ ಅಂದರು. ದಿನಾ ಸ್ಕೂಟರ್‌ನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಹಿಂದಿನ ವಾರ ಪರಂಗಿ ಹಣ್ಣನ್ನೂ ತಿಂದಿದ್ದೆ. 'ಹೇಳಿದ್ರೆ ಕೇಳಲಿಲ್ಲ' ಅಂತಾರೆ ಅತ್ತೆ. ನನ್ನಿಂದಲೇ ಹೀಗಾಯ್ತಾ? ಮುಂದೇನು ಮಾಡಲಿ?

ಉತ್ತರ: ಇಲ್ಲ. ಸ್ಕೂಟರ್‌ನಿಂದಲೂ ಆಗಿಲ್ಲ, ಹಣ್ಣಿನಿಂದಲೂ ಆಗಿಲ್ಲ.

ಬಸಿರು ಅಂತ ಗೊತ್ತಾದ ನೂರರಲ್ಲಿ 10ರಿಂದ 20 ತಾವಾಗಿಯೇ ನಿಲ್ಲುತ್ತವೆ. ಹೆಚ್ಚಿನವು ಮೊದಲ 12 ವಾರದೊಳಗೇ. ಅವುಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಕ್ರೋಮೋಸೋಮ್‌ಗಳ, ಅಂದರೆ ತಂದೆ ತಾಯಿಯ ಗುಣಗಳನ್ನು ಮಗುವಿಗೆ ಒಯ್ಯುವ ಎಳೆಗಳ, ಎಣಿಕೆ ತಪ್ಪುವುದು. ತಾಯಿಯಿಂದ 23, ತಂದೆಯಿಂದ 23 ಬರಬೇಕು. ಒಂದು ಜಾಸ್ತಿ ಬಂದರೆ ಅಥವಾ ಒಂದು ಕಡಿಮೆಯಾದರೆ ಭ್ರೂಣ ಸ್ವಲ್ಪ ಬೆಳೆದು ನಿಂತುಬಿಡುತ್ತದೆ. ಸಾಮಾನ್ಯವಾಗಿ ಇದು ಗರ್ಭ ಕಟ್ಟುವ ಹೊತ್ತಿಗೇ ಆಗಿಹೋಗಿರುತ್ತದೆ. ಆಗ ನಿಮಗೆ ಮುಟ್ಟು ತಪ್ಪಿರುವುದೂ ಇಲ್ಲ.

ನಿಮ್ಮ ಸ್ಕ್ಯಾನ್ ರಿಪೋರ್ಟ್ ಒಮ್ಮೆ ತೆಗೆದು ನೋಡಿ. ಮುಟ್ಟಿನ ಲೆಕ್ಕದಲ್ಲಿ 9 ವಾರ, ಭ್ರೂಣದ ಅಳತೆಯಲ್ಲಿ 7 ವಾರ ಅಂತ ಬರೆದಿರಬಹುದು. ಹಾಗಿದ್ದರೆ ಬೆಳವಣಿಗೆ ನಿಂತು ಆಗಲೇ ಸುಮಾರು ಎರಡು ವಾರ ಆಗಿತ್ತು. ನೀವು ಹಣ್ಣು ತಿಂದದ್ದು ಅದಾದ ಮೇಲೆ, ಅಲ್ವಾ?

ಪರಂಗಿಯ ಭಯ ಹುಟ್ಟಿರುವುದು ಕಾಯಿಯ ಹಾಲಿನಿಂದ. ಆ ಹಾಲು ಇಲಿಗಳ ಗರ್ಭಕೋಶವನ್ನು ಬಿಗಿಹಿಡಿಸುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಬಸಿರಲ್ಲಿ ಕಾಯಿ ಬೇಡ ಅನ್ನುವುದು ಸರಿ. ಚೆನ್ನಾಗಿ ಮಾಗಿದ ಹಣ್ಣಿನಲ್ಲಿ ಆ ಹಾಲು ಇರುವುದಿಲ್ಲ. ಮೆಟ್ಟಿಲು ಹತ್ತುವುದು, ಬಸ್ಸಿನ ಕುಲುಕಾಟ, ಗಂಡ ಹೆಂಡತಿ ಕೂಡುವುದು, ಇವೂ ಕಾರಣವಲ್ಲ. ಇಡೀ ದಿನ ಮಲಗಿದ್ದರೆ ಬಸಿರು ಉಳಿಯುತ್ತಿತ್ತು ಅನ್ನುವುದಕ್ಕೂ ಪುರಾವೆ ಇಲ್ಲ. ಸಿಗರೇಟು, ಮದ್ಯ, ಹಿಡಿತಕ್ಕೆ ಬಾರದ ಶುಗರ್ ಮತ್ತು ಥೈರಾಯ್ಡ್ ಅಪಾಯ ಹೆಚ್ಚಿಸುತ್ತವೆ. ವಯಸ್ಸೂ ಅಷ್ಟೇ.

ಈಗ ಮುಂದಿನ ಮಾತು. ಮೊದಲು ಸ್ಕ್ಯಾನ್ ಖಚಿತವೇ ಅಂತ ಕೇಳಿ. ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲಿ ಭ್ರೂಣ 7 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದವಿದ್ದೂ ಹಾರ್ಟ್‌ಬೀಟ್ ಇಲ್ಲದಿದ್ದರೆ ಮಾತ್ರ ಒಂದೇ ಸಲಕ್ಕೆ ಹೇಳಬಹುದು. ಅದಕ್ಕಿಂತ ಚಿಕ್ಕದಿದ್ದರೆ ವಾರ ಬಿಟ್ಟು ಮತ್ತೆ ನೋಡಬೇಕು. ಅವಸರ ಬೇಡ.

ಖಚಿತವಾದರೆ ಮೂರು ದಾರಿ ಇವೆ, ಆಯ್ಕೆಯಲ್ಲಿ ನಿಮ್ಮ ಮಾತೂ ನಡೆಯಬೇಕು. ತಾನಾಗಿಯೇ ಹೋಗಲಿ ಅಂತ ಒಂದೆರಡು ವಾರ ಕಾಯಬಹುದು. ಮಾತ್ರೆ ತೆಗೆದುಕೊಳ್ಳಬಹುದು: ಮೊದಲು ಮಿಫೆಪ್ರಿಸ್ಟೋನ್, ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್. ಇವನ್ನು ಡಾಕ್ಟರ್ ಹೇಳದೆ ಮೆಡಿಕಲ್ ಶಾಪ್‌ನಿಂದ ಸುಮ್ನೆ ತಂದು ನುಂಗಬೇಡಿ. ಗರ್ಭ, ಗರ್ಭಕೋಶದ ಬದಲು ಅದರ ಪಕ್ಕದ ನಳಿಕೆಯಲ್ಲಿ ಕಟ್ಟಿದ್ದರೆ ಮಾತ್ರೆಯಿಂದ ಅದು ಹೋಗುವುದಿಲ್ಲ, ನಳಿಕೆ ಒಡೆದರೆ ಜೀವಕ್ಕೇ ಅಪಾಯ. ಮೂರನೆಯದು ನಮ್ಮಲ್ಲಿ 'ಕ್ಲೀನ್ ಮಾಡಿಸೋದು' ಅನ್ನುತ್ತಾರಲ್ಲ, ಅದು. ಕೆರೆದು ತೆಗೆಯುವ ಹಳೆಯ ಕ್ರಮದ ಬದಲು ವ್ಯಾಕ್ಯೂಮ್‌ನಿಂದ ಹೀರಿ ತೆಗೆಯುವುದು ಸುರಕ್ಷಿತ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 'ವ್ಯಾಕ್ಯೂಮ್‌ನಲ್ಲಿ ಮಾಡ್ತೀರಾ ಡಾಕ್ಟ್ರೇ?' ಅಂತ ಧೈರ್ಯವಾಗಿ ಕೇಳಿ.

ಮಾತ್ರೆಯಾಗಲಿ ಕಾಯುವುದಾಗಲಿ, ಆ ದಿನ ಮನೆಯಲ್ಲಿ ಒಬ್ಬರೇ ಇರಬೇಡಿ. ಹೊಟ್ಟೆ ನೋವು ಮುಟ್ಟಿನ ನೋವಿಗಿಂತ ಜೋರಾಗಿರುತ್ತದೆ, ಗಡ್ಡೆ ಗಡ್ಡೆಯಾಗಿ ರಕ್ತ ಹೋಗುತ್ತದೆ. ನೋವಿನ ಮಾತ್ರೆ ಮೊದಲೇ ಕೇಳಿ ತಂದಿಟ್ಟುಕೊಳ್ಳಿ. ಗಂಟೆಗೆ ಎರಡು ದೊಡ್ಡ ಪ್ಯಾಡ್ ತೋಯ್ದು, ಎರಡು ಗಂಟೆಯಾದರೂ ಹಾಗೇ ಮುಂದುವರಿದರೆ 108ಕ್ಕೆ ಫೋನ್ ಮಾಡಿ. ತಲೆ ಸುತ್ತಿ ಬಿದ್ದರೆ, ಒಂದೇ ಪಕ್ಕಕ್ಕೆ ವಿಪರೀತ ನೋವು ಅಥವಾ ಭುಜದ ತುದಿಯಲ್ಲಿ ನೋವು ಬಂದರೂ ಅಷ್ಟೇ. 100.4 ಡಿಗ್ರಿ ದಾಟಿದ ಜ್ವರ ಅಥವಾ ಕೆಟ್ಟ ವಾಸನೆಯ ಸ್ರಾವ ಇದ್ದರೆ ನಂಜು ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮ ಬ್ಲಡ್ ಗ್ರೂಪ್ ನೆಗೆಟಿವ್ ಆದರೆ, ಮುಂದಿನ ಬಸಿರಿಗೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ವಿಚಾರಿಸಿ. ಬೇಕಿದ್ದರೆ ಅದನ್ನು 72 ಗಂಟೆಯೊಳಗೆ ಹಾಕಿಸಬೇಕು.

ಮುಟ್ಟು ಸಾಮಾನ್ಯವಾಗಿ 4ರಿಂದ 6 ವಾರದಲ್ಲಿ ಬರುತ್ತದೆ. ಅದಕ್ಕೂ ಮೊದಲೇ ಮತ್ತೆ ಬಸಿರಾಗಬಹುದು, ಈಗಲೇ ಬೇಡ ಅನಿಸಿದರೆ ಎಚ್ಚರವಿರಲಿ. ಬೇಕು ಅನಿಸಿದರೆ ಆರು ತಿಂಗಳು ಕಾಯಲೇಬೇಕು ಅಂತೇನಿಲ್ಲ. ಫೋಲಿಕ್ ಆ್ಯಸಿಡ್ ಮಾತ್ರೆ ಮುಂಚಿನಿಂದಲೇ ಶುರು ಮಾಡಿ. ಒಂದು ಸಲ ಹೀಗಾದರೆ ದೊಡ್ಡ ದೊಡ್ಡ ಟೆಸ್ಟ್‌ಗಳ ಅಗತ್ಯವಿಲ್ಲ. ಎರಡು ಸಲ ಆದರೆ ಥೈರಾಯ್ಡ್, ಗರ್ಭಕೋಶದ ಆಕಾರ, ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೋಲಿಪಿಡ್ ತೊಂದರೆ ಇವನ್ನೆಲ್ಲ ನೋಡುತ್ತಾರೆ. ಆ ತೊಂದರೆಗೆ ಆಸ್ಪಿರಿನ್ ಮತ್ತು ಹೆಪಾರಿನ್ ಚಿಕಿತ್ಸೆ ಇದೆ. ಗಂಡನ ರಕ್ತದ ಪರೀಕ್ಷೆಯೂ ಬೇಕಾಗಬಹುದು, ಸೊಸೆಯನ್ನಷ್ಟೇ ಕರೆದೊಯ್ದರೆ ಸಾಲದು.

ಅತ್ತೆಯವರೂ ಸಂಕಟದಲ್ಲೇ ಹಾಗಂದಿರಬಹುದು. ಆದರೂ ಆ ಮಾತು ನಿಲ್ಲಬೇಕು, ನಿಲ್ಲಿಸಬೇಕಾದವರು ನಿಮ್ಮ ಯಜಮಾನರು. ಮುಂದಿನ ಸಲ ಡಾಕ್ಟರ್ ಹತ್ತಿರ ಇಬ್ಬರನ್ನೂ ಕರೆದುಕೊಂಡು ಹೋಗಿ, ನನಗೆ ಕೇಳಿದ ಪ್ರಶ್ನೆಯನ್ನೇ ಅವರೆದುರು ಕೇಳಿ. ನಿದ್ದೆ ಬಾರದೆ, ಅಳು ನಿಲ್ಲದೆ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು, ಕೆಲಸದ ವಿಷಯ. ಗರ್ಭಪಾತವಾದವರಿಗೆ 6 ವಾರ ಸಂಬಳಸಹಿತ ರಜೆ ಅಂತ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಇಎಸ್ಐ ಇದ್ದವರಿಗೂ ಆರು ವಾರದ ಸೌಲಭ್ಯವಿದೆ. ಆಫೀಸಿನಲ್ಲಿ ಕೊಡಲು ಸ್ಕ್ಯಾನ್ ರಿಪೋರ್ಟ್, ಡಾಕ್ಟರ್ ಚೀಟಿ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.