ಮಳೆಗೆ ಲೆಕ್ಕವಿಲ್ಲ, ತಲೆಗೆ ಲೆಕ್ಕ: ಕೊಡಗಿನ ಶಾಲೆಗಳ ಹಣದ ಹಿಂದಿನ ಕಥೆ

ಕೊಡಗಿನ ಸರ್ಕಾರಿ ಶಾಲೆಯೊಂದರ ಹೆಂಚು ಕೈಯಾಡಿಸಲು ಸಿಗುವುದು ಎರಡೇ ತಿಂಗಳು. ಆರ್ಥಿಕ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ, ಮಳೆ ಹಿಡಿಯುವುದು ಜೂನ್ ಮೊದಲ ವಾರಕ್ಕೆ. ಅಷ್ಟರೊಳಗೆ ಅನುದಾನ ಬರಬೇಕು, ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕೂರಬೇಕು, ತೋಟದ ಕೆಲಸ ಬಿಟ್ಟು ಬರುವ ಆಳು ಸಿಗಬೇಕು. ತಪ್ಪಿದರೆ ಆ ವರ್ಷ ಸೋರುವ ಮೂಲೆಗೆ ಬಕೆಟ್ ಇಟ್ಟೇ ಪಾಠ.

ಅನುದಾನವಾದರೂ ಎಷ್ಟು? ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ. ಮಕ್ಕಳು 100ರವರೆಗೆ ಇದ್ದರೆ 25,000, 250ರವರೆಗೆ ಇದ್ದರೆ 50,000. ಸಣ್ಣಪುಟ್ಟ ದುರಸ್ತಿಯೂ ಇದರಲ್ಲೇ, ಕಲಿಕಾ ಸಾಮಗ್ರಿಯೂ ಇದರಲ್ಲೇ, ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೂ ಹೋಗಬೇಕು. ತಲೆ ಎಣಿಸಿ ಕೊಡುವ ಹಣ ಇದು. ಮನೆಗಳು ಒತ್ತೊತ್ತಾಗಿರುವ ಬಯಲುಸೀಮೆಯ ಊರಿಗೆ ಈ ಲೆಕ್ಕ ಹೊಂದುತ್ತದೆ. ಕೊಡಗಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ತೋಟ, ಗದ್ದೆ, ಕಾಡು. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 5,54,519. ಅದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಅದು ಬೆಳೆದದ್ದು ಶೇ ಒಂದರ ಆಸುಪಾಸು ಮಾತ್ರ. ಇಲ್ಲಿ ಶಾಲೆಗಳು ಸಣ್ಣವಾಗಿರುವುದು ಯಾರ ತಪ್ಪಿನಿಂದಲೂ ಅಲ್ಲ, ನೆಲದ ಸ್ವಭಾವವೇ ಹಾಗೆ.

ಒಂದು ಕಾಲಕ್ಕೆ ಈ ನೆಲ ಬಲ್ಲವರೇ ಮಡಿಕೇರಿಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದರು. ಬ್ರಿಟಿಷರು 1834ರಲ್ಲಿ ಕೊಡಗನ್ನು ತಮ್ಮ ವಶಕ್ಕೆ ತೆಗೆದುಕೊಂಡ ಮೇಲೂ ಅದು ಬೇರೆಯೇ ಪ್ರಾಂತ್ಯವಾಗಿ ಉಳಿಯಿತು. 1924ರಲ್ಲಿ ಶಾಸನ ಪರಿಷತ್ತು ಬಂತು. ಸ್ವಾತಂತ್ರ್ಯದ ನಂತರ ಕೊಡಗು ‘ಸಿ’ ರಾಜ್ಯವಾಗಿ (ಕೇಂದ್ರದ ಉಸ್ತುವಾರಿಯ ಸಣ್ಣ ರಾಜ್ಯಗಳ ವರ್ಗ ಅದು), 1952ರಿಂದ 24 ಸದಸ್ಯರ ವಿಧಾನಸಭೆ, ಮುಖ್ಯಮಂತ್ರಿಯಾಗಿ ಸಿ.ಎಂ. ಪೂಣಚ್ಚ. ಎರಡೂ ಕಾಲು ಲಕ್ಷ ಜನರ ಪುಟ್ಟ ರಾಜ್ಯಕ್ಕೆ ಅದರದೇ ಬಜೆಟ್ಟು. ಪದವಿ ಓದಲು ಮಕ್ಕಳು ಘಟ್ಟ ಇಳಿದೋ ಮೈಸೂರಿನ ಕಡೆಗೋ ಹೋಗಬೇಕಿದ್ದಾಗ, 1949ರಲ್ಲೇ ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾಯಿತು. ಇಂದಿನ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು ಅದೇ. ಅಷ್ಟು ಕಡಿಮೆ ಜನರಿಗೆ ಒಂದು ಕಾಲೇಜು ಬೇಕೇ ಎಂದು ತಲೆ ಎಣಿಸುತ್ತ ಕೂತಿದ್ದರೆ ಅದು ಆ ವರ್ಷ ಹುಟ್ಟುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಬಜೆಟ್ಟಿನ ಪೆಟ್ಟಿಗೆ ಬೆಂಗಳೂರಿಗೆ ಹೋಯಿತು.

ಅದರಲ್ಲಿ ಒಂದು ಪಾಲು ಮರಳಿ ಬಂದದ್ದು ಮೂವತ್ತು ವರ್ಷಗಳ ಮೇಲೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ತಂದ 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಶಾಲೆ ಎಲ್ಲಿ, ಕೊಠಡಿ ಯಾವ ಊರಿಗೆ ಮೊದಲು ಎಂಬ ಮಾತು ಮತ್ತೆ ಮಡಿಕೇರಿಯ ಸಭೆಯಲ್ಲಿ ಕೇಳತೊಡಗಿತು. ಆದರೆ 1992ರಲ್ಲಿ ಅವಧಿ ಮುಗಿದಾಗ ಚುನಾವಣೆ ಆಗಲಿಲ್ಲ. ಸಂವಿಧಾನದ 73ನೇ ತಿದ್ದುಪಡಿ ಬಂದು, 1993ರ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಗಿ, ಜಿಲ್ಲಾ ಪಂಚಾಯಿತಿಗೆ ಮತದಾನ ನಡೆಯುವಷ್ಟರಲ್ಲಿ 1995 ಆಗಿತ್ತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಶಿಕ್ಷಣಕ್ಕೆಂದು ಬರುವ ಹಣ ರಾಜ್ಯ ಬಜೆಟ್ಟಿನ ಜತೆಗೇ ‘ಲಿಂಕ್ ಡಾಕ್ಯುಮೆಂಟ್’ ಎಂಬ ಪುಸ್ತಕದಲ್ಲಿ ಅಚ್ಚಾಗಿ ಬರುತ್ತದೆ. ಮೊತ್ತ ನೋಡಿದರೆ ದೊಡ್ಡದೇ. ಅದರ ಬಹುಪಾಲು ಶಿಕ್ಷಕರ ಸಂಬಳ. ಯಾವ ತಲೆಬರಹಕ್ಕೆ ಎಷ್ಟು ಎಂಬುದು ಮೊದಲೇ ಬರೆದಿರುತ್ತದೆ, ನೇಮಕ ಮತ್ತು ವರ್ಗಾವಣೆ ಇಲಾಖೆಯ ಕೈಯಲ್ಲಿ. ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಏನೇ ಚರ್ಚಿಸಿದರೂ ಅದರ ಮಾತು ನಡೆಯುವ ಜಾಗ ಬಹಳ ಕಿರಿದು. ಕಾಲೇಜುಗಳ ವಿಷಯವಂತೂ ಅದರ ಮುಂದೆ ಬರುವುದೇ ಇಲ್ಲ.

ಇನ್ನು ಗ್ರಾಮ ಪಂಚಾಯಿತಿ. ಅದರ ಸ್ವಂತ ವರಮಾನ ಮುಖ್ಯವಾಗಿ ಕಟ್ಟಡಗಳ ತೆರಿಗೆ. ಕೃಷಿ ಭೂಮಿಗೆ ಅದು ತೆರಿಗೆ ಹಾಕುವಂತಿಲ್ಲ. ಸಾವಿರಾರು ಎಕರೆ ಕಾಫಿ ಇರುವ ಪಂಚಾಯಿತಿಗೂ ಆ ತೋಟದಿಂದ ದಕ್ಕುವುದು ಬಂಗಲೆ, ಕೂಲಿಯವರ ಸಾಲುಮನೆಗಳಾದ ಲೈನ್‌ಮನೆ, ಈಚೆಗೆ ಹೋಂಸ್ಟೇಗಳ ತೆರಿಗೆ ಮಾತ್ರ. ಶಾಲೆಯ ಕಾಂಪೌಂಡು, ಶೌಚಾಲಯ, ಅಡುಗೆ ಕೋಣೆ ಅನೇಕ ಕಡೆ ಎದ್ದದ್ದು ಉದ್ಯೋಗ ಖಾತರಿ ಮತ್ತು ಹಣಕಾಸು ಆಯೋಗದ ದುಡ್ಡಿನಲ್ಲಿ. 2001ರಲ್ಲಿ ಪೋಷಕರ ಕೈಗೆ ಎಸ್‌ಡಿಎಂಸಿ ಕೊಟ್ಟಾಗ ಹೊಣೆ ಬಂತು, ಅದನ್ನು ಹೊರುವಷ್ಟು ಹಣ ಬರಲಿಲ್ಲ.

2018ರ ಜುಲೈನಲ್ಲಿ ರಾಜ್ಯ ಬಜೆಟ್ 28,847 ಶಾಲೆಗಳನ್ನು ಒಂದು ಕಿಲೋಮೀಟರ್ ಒಳಗಿನ 8,530 ಶಾಲೆಗಳೊಂದಿಗೆ ವಿಲೀನ ಮಾಡುವ ಮಾತಾಡಿತು. ಮರುತಿಂಗಳೇ ಕೊಡಗಿನ ಗುಡ್ಡಗಳು ಜಾರಿದವು. ಮಕ್ಕಂದೂರು, ಕಾಲೂರು, ಮೊಣ್ಣಂಗೇರಿ ಕಡೆ ರಸ್ತೆಗಳೇ ಇಲ್ಲವಾದವು. ಭೂಪಟದ ಮೇಲಿನ ಒಂದು ಕಿಲೋಮೀಟರಿಗೂ ಮಗು ನಡೆಯುವ ಒಂದು ಕಿಲೋಮೀಟರಿಗೂ ಇರುವ ಅಂತರ ಆ ಆಗಸ್ಟಿನಲ್ಲಿ ಕಣ್ಣಿಗೇ ಕಂಡಿತು. ಕಾಡಾನೆ ದಾಟುವ ತೋಟದ ದಾರಿಯಲ್ಲಿ ಆರು ವರ್ಷದ ಮಗುವನ್ನು ಒಂಟಿಯಾಗಿ ಕಳಿಸುವವರು ಯಾರು?

ಕಾನೂನಿಗೆ ಇದು ತಿಳಿಯದ್ದೇನಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ ಕೇಂದ್ರ 2010ರಲ್ಲಿ ರೂಪಿಸಿದ ಮಾದರಿ ನಿಯಮಗಳು ಒಂದರಿಂದ ಐದನೇ ತರಗತಿಗೆ 1 ಕಿ.ಮೀ., ಆರರಿಂದ ಎಂಟಕ್ಕೆ 3 ಕಿ.ಮೀ. ಒಳಗೆ ಶಾಲೆ ಇರಬೇಕು ಎನ್ನುತ್ತವೆ. ಭೂಕುಸಿತ, ನೆರೆ, ರಸ್ತೆ ಇಲ್ಲದಿರುವ ಕಡೆ ಈ ದೂರವನ್ನು ಇನ್ನೂ ತಗ್ಗಿಸಬೇಕು ಎಂದೂ ಅವು ಹೇಳುತ್ತವೆ. ಶಾಲೆ ಎಲ್ಲಿರಬೇಕು ಎನ್ನುವಾಗ ಗುಡ್ಡ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಎಷ್ಟು ಹಣ ಎನ್ನುವಾಗ ಬರುವುದಿಲ್ಲ. ನನಗೆ ಅತ್ಯಂತ ಸಂಕಟವಾಗುವುದು ಈ ಜಾಗದಲ್ಲೇ.

ಕಾಲೇಜಿನ ಕಡೆಯೂ ಅದೇ ಅಳತೆಗೋಲು. ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿಶ್ವವಿದ್ಯಾಲಯದ ಜ್ಞಾನ ಕಾವೇರಿ ಸ್ನಾತಕೋತ್ತರ ಕೇಂದ್ರವನ್ನೇ ಕೊಡಗು ವಿಶ್ವವಿದ್ಯಾಲಯ ಮಾಡಿದರು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಬೇಕೆಂದು ಹೇಳಿದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಅದರ ಹೆಸರೂ ಇತ್ತು. ಹಣವಿಲ್ಲದೆ ಹುಟ್ಟಿಸಿ, ಹಣವಿಲ್ಲವೆಂದು ಮುಚ್ಚುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಇದನ್ನೆಲ್ಲ ಕೇಳಬೇಕಾದ ಜಾಗ ಜಿಲ್ಲಾ ಪಂಚಾಯಿತಿ. 2016ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ಬಜೆಟ್ಟಿಗೆ ಸಹಿ ಹಾಕಿದರು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಜತೆಗೆ ಪೊನ್ನಂಪೇಟೆ, ಕುಶಾಲನಗರ ಎಂದು ತಾಲ್ಲೂಕುಗಳು ಐದಾದವು. ಅವುಗಳ ಪರವಾಗಿ ಎದ್ದು ನಿಂತು ಕೇಳುವ ಸದಸ್ಯರು ಮಾತ್ರ ಇರಲಿಲ್ಲ.

ಕೊನೆಗೆ ತಲೆ ಎಣಿಕೆಯೂ ಕೊಡಗಿನಲ್ಲಿ ನೆಟ್ಟಗಿಲ್ಲ. ಶಾಲೆಗಳ ಅಂಕಿಅಂಶ ಕಲೆಹಾಕುವ ಯು-ಡೈಸ್ ಮಾಹಿತಿಗೆ ಆಧಾರವಾಗಿ ಬಂದದ್ದು ಸೆಪ್ಟೆಂಬರ್ 30ರ ದಾಖಲಾತಿ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರಿನ ಹೊತ್ತಿಗೆ, ರೊಬಸ್ಟಾ ಮುಗಿಯುವಾಗ ಮಾರ್ಚ್ ಬಂದಿರುತ್ತದೆ. ಹಣ್ಣು ಕೊಯ್ಯಲು ಹೊರಗಿನಿಂದ ಬಂದ ಕುಟುಂಬಗಳ ಮಕ್ಕಳು ಲೈನ್‌ಮನೆಗಳಿಂದ ಹತ್ತಿರದ ಶಾಲೆಗೆ ಬಂದು ಕೂರುವಾಗ ಆ ವರ್ಷದ ಎಣಿಕೆ ಮುಗಿದು ತಿಂಗಳು ದಾಟಿರುತ್ತದೆ.