ಕೆರೆಯಂಚಿನ ಮೂರು ಗದ್ದೆಗೊರವಗಳು

ಸೆಪ್ಟೆಂಬರ್ ಹೊತ್ತಿಗೆ ಬಯಲುಸೀಮೆಯ ಯಾವುದಾದರೂ ಕೆರೆಯ ಬಳಿ ಅರ್ಧ ಗಂಟೆ ನಿಂತರೆ, ಗೊರವಂಕಕ್ಕಿಂತ ತುಸು ಚಿಕ್ಕದಾದ, ಕೆಸರಿನದೇ ಬಣ್ಣದ, ನೇರ ಕೊಕ್ಕಿನ ಹಕ್ಕಿಯೊಂದು ನೀರಿನಂಚಿನಲ್ಲಿ ಓಡಾಡುತ್ತ ಹುಳು ಹೆಕ್ಕುವುದು ಕಣ್ಣಿಗೆ ಬೀಳುತ್ತದೆ. ಅದು ಕಾಮನ್ ಸ್ಯಾಂಡ್‌ಪೈಪರ್ ಇರಬಹುದು, ಗ್ರೀನ್ ಸ್ಯಾಂಡ್‌ಪೈಪರ್ ಇರಬಹುದು, ವುಡ್ ಸ್ಯಾಂಡ್‌ಪೈಪರ್ ಕೂಡ ಇರಬಹುದು. ಕನ್ನಡದಲ್ಲಿ ಇವಕ್ಕೆ ಗದ್ದೆಗೊರವ ಎಂಬ ಹೆಸರಿದೆ. (ಗೊರವಂಕಕ್ಕೂ ಇವಕ್ಕೂ ಹೆಸರಿನ ಹೋಲಿಕೆಯಷ್ಟೇ, ಬೇರೆ ನಂಟಿಲ್ಲ.) ಮೂರೂ ಮೇಲ್ಭಾಗದಲ್ಲಿ ಕಂದು, ಹೊಟ್ಟೆಯಲ್ಲಿ ಬಿಳಿ, ಉದ್ದ 20ರಿಂದ 22 ಸೆಂಟಿಮೀಟರ್‌ನ ಆಸುಪಾಸು. ಚಳಿಗಾಲವನ್ನು ನಮ್ಮಲ್ಲಿ ಕಳೆಯಲು ಉತ್ತರದಿಂದ ಬಂದು, ಬೇಸಿಗೆಯಲ್ಲಿ ಮರಳಿ ಹೋಗುವ ವಲಸಿಗರು.

ಇಂಗ್ಲಿಷ್ ಹೆಸರುಗಳನ್ನು ನಂಬಿ ಹೊರಟವರಿಗೆ ಮೊದಲ ಪೆಟ್ಟು ಅಲ್ಲೇ ಬೀಳುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್ ಹಸಿರಾಗಿ ಕಾಣುವುದಿಲ್ಲ. ಕಾಲಿನಲ್ಲಿ ಮಾಸಲು ಹಸಿರು ಛಾಯೆಯಿದೆ, ಬೆನ್ನಿಗೆ ಬೆಳಕು ಚೆನ್ನಾಗಿ ಬಿದ್ದಾಗ ಅಲ್ಲಿಯೂ ಕೊಂಚ ಇದೆ ಎನ್ನಬಹುದು, ಅಷ್ಟೇ. ವುಡ್ ಸ್ಯಾಂಡ್‌ಪೈಪರ್ ನಮ್ಮಲ್ಲಿ ಕಾಡಿನ ಗೊಡವೆಗೇ ಹೋಗದೆ ಕೆಸರುಗದ್ದೆಯಲ್ಲಿರುತ್ತದೆ. ಇನ್ನೂ ಸೋಜಿಗವೆಂದರೆ, ಮರದ ಮೇಲೆ ಮೊಟ್ಟೆಯಿಡುವ ರೂಢಿ ಹೆಚ್ಚಾಗಿರುವುದು ಗ್ರೀನ್ ಸ್ಯಾಂಡ್‌ಪೈಪರ್‌ಗೆ. ಯುರೋಪ್ ಮತ್ತು ಏಷ್ಯಾದ ಉತ್ತರದ ಜೌಗುಗಾಡುಗಳಲ್ಲಿ ಅದು ಬೇರೆ ಹಕ್ಕಿಗಳು ಬಿಟ್ಟುಹೋದ ಹಳೆಯ ಗೂಡುಗಳನ್ನು ಹುಡುಕಿ ಮೊಟ್ಟೆಯಿಡುತ್ತದೆ.

ಪುಸ್ತಕದಲ್ಲಿ ಎಲ್ಲವೂ ಸುಲಭ. ವುಡ್ ಸ್ಯಾಂಡ್‌ಪೈಪರ್‌ನ ಬೆನ್ನಿನ ತುಂಬ ತಿಳಿ ಚುಕ್ಕೆಗಳು, ಗ್ರೀನ್ ಸ್ಯಾಂಡ್‌ಪೈಪರ್‌ನ ಬೆನ್ನು ಗಾಢ, ಅದರ ಮೇಲಿನ ಚುಕ್ಕೆಗಳು ಸಣ್ಣವು ಎಂದು ಬರೆದಿರುತ್ತದೆ. ಅದು ನಿಜವೂ ಹೌದು. ಆದರೆ ಗರಿ ಸವೆಯುವ ವಸ್ತು. ಗರಿಗೆ ಕಪ್ಪು, ಕಂದು ಬಣ್ಣ ಕೊಡುವ ಮೆಲನಿನ್ ಅದನ್ನು ಗಟ್ಟಿಯಾಗಿಯೂ ಮಾಡುತ್ತದೆ. ಮೆಲನಿನ್ ಇಲ್ಲದ ತಿಳಿ ಭಾಗ ಬೇಗ ಉದುರುತ್ತದೆ. ವುಡ್ ಸ್ಯಾಂಡ್‌ಪೈಪರ್‌ನ ಚುಕ್ಕೆಗಳಿರುವುದು ಗರಿಯ ಅಂಚಿನಲ್ಲಿಯೇ ಆದ್ದರಿಂದ, ಗೂಡು ಕಟ್ಟಿ, ಮರಿ ಮಾಡಿ, ಸಾವಿರಾರು ಕಿಲೋಮೀಟರ್ ಹಾರಿ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದಿಳಿಯುವ ವಯಸ್ಕ ಹಕ್ಕಿಯ ಬೆನ್ನಿನಲ್ಲಿ ಚುಕ್ಕೆಗಳು ಹೆಚ್ಚೇನೂ ಉಳಿದಿರುವುದಿಲ್ಲ. ಅದೇ ವರ್ಷ ಹುಟ್ಟಿದ ಮರಿ ಪಕ್ಕದಲ್ಲೇ ಬಂದಿಳಿದರೆ, ಅದರ ಗರಿಗಳು ಹೊಸ ಬಟ್ಟೆಯಂತೆ ಅಚ್ಚುಕಟ್ಟಾಗಿರುತ್ತವೆ. ಹೀಗೆ ಒಂದೇ ಪ್ರಭೇದದ ಎರಡು ಹಕ್ಕಿಗಳು ಬೇರೆ ಬೇರೆಯಾಗಿಯೂ, ಬೇರೆ ಪ್ರಭೇದದ ಎರಡು ಹಕ್ಕಿಗಳು ಒಂದೇ ಆಗಿಯೂ ಕಾಣುತ್ತವೆ. ಸವೆದ ವುಡ್ ಸ್ಯಾಂಡ್‌ಪೈಪರ್‌ಗಳನ್ನು ನಾನು ಎರಡು ಮೂರು ವರ್ಷ ಗ್ರೀನ್ ಎಂದೇ ಬರೆದುಕೊಂಡಿದ್ದೆ.

ಸವೆಯದ ಗುರುತುಗಳು ಬೇರೆ ಇವೆ. ಮೊದಲು ಮುಖ ನೋಡಬೇಕು. ವುಡ್ ಸ್ಯಾಂಡ್‌ಪೈಪರ್‌ನ ಬಿಳಿ ಹುಬ್ಬು ಕೊಕ್ಕಿನ ಬುಡದಿಂದ ಹೊರಟು ಕಣ್ಣನ್ನು ದಾಟಿ ಹಿಂದಕ್ಕೆ ಸಾಗುತ್ತದೆ. ಗ್ರೀನ್ ಸ್ಯಾಂಡ್‌ಪೈಪರ್‌ನದು ಕಣ್ಣಿನ ಬಳಿಯೇ ನಿಂತುಬಿಡುತ್ತದೆ, ಅಲ್ಲಿಂದಾಚೆಗೆ ಕಣ್ಣಿನ ಸುತ್ತಲಿನ ಬಿಳಿ ಬಳೆಯಷ್ಟೇ ಎದ್ದು ಕಾಣುತ್ತದೆ. ಕಾಮನ್ ಸ್ಯಾಂಡ್‌ಪೈಪರ್‌ಗೆ ಮುಖದ ಗೊಡವೆಯೂ ಬೇಡ. ಎದೆಯ ಬದಿಯ ಕಂದು ಬಣ್ಣಕ್ಕೂ ಮಡಿಸಿದ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳುಪು ನಾಲಗೆಯಂತೆ ಮೇಲಕ್ಕೆ ಚಾಚಿಕೊಂಡಿರುತ್ತದೆ, ಇನ್ನೆರಡಕ್ಕೆ ಅದಿಲ್ಲ. ಜೊತೆಗೆ ಅದು ಬಗ್ಗಿ ನಡೆಯುತ್ತ, ದೇಹದ ಹಿಂಭಾಗವನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತದೆ. ಉಳಿದೆರಡೂ ಬಾಲ ಕುಣಿಸುವುದುಂಟು, ಆದರೆ ಇಷ್ಟು ಹಟಹಿಡಿದಲ್ಲ.

ಆದರೂ ಖಚಿತ ಉತ್ತರ ಸಿಗುವುದು ಹಕ್ಕಿ ಎದ್ದು ಹಾರಿದ ಎರಡು ಮೂರು ಸೆಕೆಂಡಿನಲ್ಲಿ. ಹೊಸಬರು ಬೈನಾಕ್ಯುಲರ್ ಕೆಳಗಿಳಿಸಿ "ಹೋಯಿತು" ಎನ್ನುವುದೂ ಆ ಗಳಿಗೆಯಲ್ಲೇ. ಗ್ರೀನ್ ಸ್ಯಾಂಡ್‌ಪೈಪರ್ ಹಾರಿದಾಗ ರೆಕ್ಕೆಯ ಮೇಲ್ಬದಿಯೂ ಒಳಬದಿಯೂ ಕಪ್ಪಾಗಿ, ಬಾಲದ ಬುಡ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಇಷ್ಟು ತೀಕ್ಷ್ಣವಾದ ಕಪ್ಪು-ಬಿಳುಪು ಈ ಮೂರರಲ್ಲಿ ಮತ್ತೊಂದಕ್ಕಿಲ್ಲ. ವುಡ್ ಸ್ಯಾಂಡ್‌ಪೈಪರ್‌ಗೂ ಬಾಲದ ಬುಡ ಬಿಳಿಯೇ, ಆದರೆ ಬೆನ್ನು ಅಷ್ಟು ಗಾಢವಲ್ಲದ್ದರಿಂದ ಅದು ಕಣ್ಣಿಗೆ ಹೊಡೆಯುವುದಿಲ್ಲ. ರೆಕ್ಕೆಯ ಒಳಬದಿ ತಿಳಿಯಾಗಿರುತ್ತದೆ, ನೀಳವಾದ ಹಳದಿ ಕಾಲುಗಳ ಪಾದ ಬಾಲವನ್ನು ದಾಟಿ ಹೊರಗೆ ಚಾಚುತ್ತದೆ. ಕಾಮನ್ ಸ್ಯಾಂಡ್‌ಪೈಪರ್‌ಗೆ ಬಾಲದ ಬುಡ ಕಂದು, ರೆಕ್ಕೆಯ ಉದ್ದಕ್ಕೆ ಬಿಳಿ ಪಟ್ಟಿ. ಅದರ ಹಾರಾಟವೂ ಬೇರೆ: ನೀರಿಗೆ ತಗಲುವಷ್ಟು ಕೆಳಗೆ, ಬಾಗಿದ ರೆಕ್ಕೆಗಳನ್ನು ಬಿಗಿಯಾಗಿ ಒಂದೆರಡು ಸಲ ಅದುರಿಸಿ ತೇಲುತ್ತದೆ, ಮತ್ತೆ ಅದುರಿಸುತ್ತದೆ.

ದನಿ ಕೇಳಿಸಿದರೆ ಇಷ್ಟೂ ಬೇಕಿಲ್ಲ. ಗ್ರೀನ್ ಸ್ಯಾಂಡ್‌ಪೈಪರ್ "ಟ್ಲುಈ-ವೀಟ್-ವೀಟ್" ಎಂದು ಸ್ಪಷ್ಟವಾಗಿ ಕೂಗುತ್ತ ಮೇಲಕ್ಕೇರುತ್ತದೆ. ವುಡ್ ಸ್ಯಾಂಡ್‌ಪೈಪರ್‌ನದು ಒಣಗಿದ "ಚಿಫ್-ಇಫ್-ಇಫ್". ಕಾಮನ್ ಸ್ಯಾಂಡ್‌ಪೈಪರ್‌ನದು ಸಣ್ಣ ಎಳೆಯಂಥ "ಸ್ವೀ-ವೀ-ವೀ". ನಿಂತ ಜಾಗವೂ ಒಂದಿಷ್ಟು ಸೂಚನೆ ಕೊಡುತ್ತದೆ. ಕೆರೆ ಏರಿಯ ಕಲ್ಲುಗಳ ಮೇಲೆ, ಕೋಡಿಯ ಬಳಿ ಇದ್ದರೆ ಬಹುಪಾಲು ಕಾಮನ್. ಪೊದೆ ಮುಚ್ಚಿದ ಕಾಲುವೆಯಲ್ಲಿ ಒಂಟಿಯಾಗಿದ್ದು, ನಾವು ಕಾಣುವ ಮೊದಲೇ ನಮ್ಮನ್ನು ಕಂಡು ಹಾರಿಹೋಗುವುದು ಗ್ರೀನ್. ನಾಟಿಗೆ ಹದಮಾಡಿದ ಗದ್ದೆಯಲ್ಲಿ ಐದಾರು ಚದುರಿ ಮೇಯುತ್ತಿದ್ದರೆ ವುಡ್.

ಒಳನಾಡಿನ ಈ ಮೂವರನ್ನು ಬಿಡಿಸಬಲ್ಲವರನ್ನು ಕರಾವಳಿ ಮತ್ತೆ ಒಂದನೇ ತರಗತಿಯಲ್ಲಿ ಕೂರಿಸುತ್ತದೆ. ಅಘನಾಶಿನಿಯಂಥ ಅಳಿವೆಯಲ್ಲಿ ನೀರಿಳಿದಾಗ ಕೆಸರಿನ ಮೇಲೆ ಹರಡಿಕೊಳ್ಳುವ ಸ್ಯಾಂಡ್ ಪ್ಲವರ್ ಎಂಬ ಹಕ್ಕಿಗಳು ಚಳಿಗಾಲದಲ್ಲಿ ಎಲ್ಲವೂ ಬೂದುಗಂದು ಬೆನ್ನು, ಬಿಳಿ ಹೊಟ್ಟೆ. ಗ್ರೇಟರ್ ಸ್ಯಾಂಡ್ ಪ್ಲವರ್‌ನ ಕೊಕ್ಕು ಉದ್ದ, ದಪ್ಪ. ಕಾಲು ನೀಳ, ಹಾರುವಾಗ ಬೆರಳುಗಳು ಬಾಲದಾಚೆ ಕಾಣುತ್ತವೆ. ಲೆಸ್ಸರ್ ಸ್ಯಾಂಡ್ ಪ್ಲವರ್‌ನ ಕೊಕ್ಕು ಗಿಡ್ಡ, ಕಾಲು ಗಾಢ ಬಣ್ಣದ್ದು. ಆದರೆ ಕಾಲಿಗೆ ಕೆಸರು ಮೆತ್ತಿದ್ದರೆ ಬಣ್ಣದ ಮಾತು ಮುಗಿಯಿತು, ಕೊಕ್ಕಿನ ಉದ್ದ ಅಳೆಯಲು ಪಕ್ಕದಲ್ಲಿ ಇನ್ನೊಂದು ಹಕ್ಕಿ ಬೇಕು. ಉಬ್ಬರದ ನೀರು ಏರಿ, ಎಲ್ಲವೂ ಉಳಿದಿರುವ ಮರಳದಿಬ್ಬದ ಮೇಲೆ ಒತ್ತೊತ್ತಾಗಿ ನಿಲ್ಲುವ ಹೊತ್ತು ಇದಕ್ಕೆ ಒಳ್ಳೆಯದು. ಉದ್ದ ಕೊಕ್ಕಿನದು ಗಿಡ್ಡ ಕೊಕ್ಕಿನವುಗಳ ನಡುವೆ ತಾನಾಗಿಯೇ ಎದ್ದು ಕಾಣುತ್ತದೆ. ಸಾಲದ್ದಕ್ಕೆ ಈಚಿನ ವರ್ಷಗಳಲ್ಲಿ ಲೆಸ್ಸರ್ ಸ್ಯಾಂಡ್ ಪ್ಲವರನ್ನೇ ಸೈಬೀರಿಯನ್, ಟಿಬೆಟನ್ ಎಂದು ಎರಡು ಪ್ರಭೇದಗಳಾಗಿ ಒಡೆದಿದ್ದಾರೆ. ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿಯಲ್ಲಿ ಮರಿ ಮಾಡುವ ಟಿಬೆಟನ್ ಪ್ರಭೇದವೇ ನಮ್ಮ ಪಶ್ಚಿಮ ತೀರದಲ್ಲಿ ಸಾಮಾನ್ಯ.

ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ, ಹೀಗೆ ಬಿಡಿಸಲಾಗದ ಹಲವು ಜೋಡಿಗಳ ಹೆಸರುಗಳನ್ನು ನಡುವೆ ಓರೆಗೆರೆ ಹಾಕಿ, "ಇದೋ ಅದೋ" ಎಂದು ದಾಖಲಿಸುವ ಅವಕಾಶವಿದೆ. ಊಹಿಸಿ ಬರೆದ ತಪ್ಪು ಹೆಸರಿಗಿಂತ, ಮುಂದೆ ಈ ಹಕ್ಕಿಗಳ ಸಂಖ್ಯೆಯನ್ನು ಲೆಕ್ಕ ಹಾಕುವವರಿಗೆ ಈ ಓರೆಗೆರೆಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೆಳಕು ಎದುರಿಗಿದ್ದು, ಗಾಳಿ ಬೀಸುತ್ತಿದ್ದು, ಹಕ್ಕಿಗಳು ಇನ್ನೂರು ಮೀಟರ್ ಆಚೆಗಿದ್ದ ದಿನಗಳ ನನ್ನ ಪಟ್ಟಿಗಳ ತುಂಬ ಈಗ ಅವೇ ಇವೆ.