ಬಿಳಿ ಫ್ರೇಮ್, ತೇಗದ ಹಲಗೆ: ಬಣ್ಣ ಮೊದಲಾ, ಜೋಡಣೆ ಮೊದಲಾ?

ಕೆಲವು ವರ್ಷಗಳ ಹಿಂದೆ ಮೈಸೂರಿನ ಒಂದು ಅಡುಗೆಮನೆಗೆ 14 ಕಪಾಟಿನ ಬಾಗಿಲು ಮಾಡಿಕೊಟ್ಟಿದ್ದೆ. ಬಿಳಿ ಪೇಂಟಿನ ಫ್ರೇಮ್, ನಡುವೆ ಗಾಢ ಕಂದು ಸ್ಟೇನ್ (ಮರದೊಳಗೆ ಇಳಿದು, ಅದರ ಗೆರೆ ಮುಚ್ಚದ ಬಣ್ಣ) ಹಚ್ಚಿದ ತೇಗದ ಹಲಗೆ. ಜುಲೈ ತಿಂಗಳು, ಜಿಟಿಜಿಟಿ ಮಳೆ. ಅವಸರದಲ್ಲಿ ಬಾಗಿಲು ಜೋಡಿಸಿಬಿಟ್ಟು ಆಮೇಲೆ ಬಣ್ಣ ಹಚ್ಚಿದೆ. ಮಾರ್ಚ್‌ನಲ್ಲಿ ಮನೆಯವರು ಕರೆದರು. ಪ್ರತಿ ಹಲಗೆಯ ಎರಡೂ ಪಕ್ಕ, ಫ್ರೇಮಿಗೆ ತಾಗಿದಂತೆ, ಉಗುರಿನ ದಪ್ಪದ ಒಂದು ಗೆರೆ. ಬಣ್ಣವೇ ಕಾಣದ ಬರಿ ಮರ.

ಮಳೆಗಾಲದಲ್ಲಿ ಹಲಗೆ ತೇವ ಕುಡಿದು ಅಗಲವಾಗಿತ್ತು. ಬೇಸಿಗೆಯಲ್ಲಿ ಕುಗ್ಗಿತು. ಫ್ರೇಮಿನ ಗಾಡಿಯೊಳಗೆ, ಅಂದರೆ ಹಲಗೆ ಕೂರಲು ಕೊರೆದ ಕಾಲುವೆಯೊಳಗೆ, ಅಡಗಿದ್ದ ಅಂಚು ಹೊರಗೆ ಬಂತು. ಮರ ಉದ್ದಕ್ಕೆ ಹೆಚ್ಚುಕಡಿಮೆ ಅಲುಗುವುದೇ ಇಲ್ಲ, ಅಡ್ಡಕ್ಕೆ ಮಾತ್ರ ಉಸಿರಾಡುತ್ತದೆ. ತೇಗ ಇದರಲ್ಲಿ ಸಾಕಷ್ಟು ಸಾಧು. ಆದರೂ ಒಂದಡಿ ಅಗಲಕ್ಕೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಆಗಿಯೇ ಆಗುತ್ತದೆ.

ಅಂದಿನಿಂದ ನಾನು ಹಲಗೆಯನ್ನು ಜೋಡಿಸುವ ಮೊದಲೇ ಮುಗಿಸುತ್ತೇನೆ. ಉಪ್ಪುಕಾಗದ ಮೊದಲು 120 ನಂಬರಿನದು, ಆಮೇಲೆ ಇನ್ನೂ ನಯವಾದ 180, ಕೊನೆಗೆ 220, ಯಾವಾಗಲೂ ಮರದ ಗೆರೆಯ ದಿಕ್ಕಿನಲ್ಲೇ. ತೇಗದ ಎಣ್ಣೆಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಸ್ಟೇನ್ ಹಚ್ಚಿ, ಉಳಿದದ್ದನ್ನು ಒರೆಸಿ ತೆಗೆಯಬೇಕು. ಅಂಚಿಗೂ ಹಚ್ಚಬೇಕು, ಹಿಂಬದಿಗೂ. ಒಂದೇ ಬದಿಗೆ ಹಚ್ಚಿದರೆ ಹಲಗೆ ಬಾಗಬಹುದು. ಪೂರ್ತಿ ಒಣಗಿದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಲೇಪ. ಜೋಡಿಸುವಾಗ ಗಾಡಿಯೊಳಗೆ ಅಂಟು ಬೇಡವೇ ಬೇಡ. ಪೇಂಟ್ ಇಳಿದರೂ ಅದೇ ಅಂಟಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಹಲಗೆ ಸೀಳುತ್ತದೆ. ನಾನು ಅಂಚಿಗೆ ಸ್ವಲ್ಪ ಮೇಣ ಸವರಿ ಕೂರಿಸುತ್ತೇನೆ. ವೆನೀರ್ ಪ್ಲೈವುಡ್ (ಮೇಲೆ ಮರದ ತೆಳು ಪದರ ಅಂಟಿಸಿದ ಪ್ಲೈವುಡ್) ಆದರೆ ಇಷ್ಟು ತಲೆಬಿಸಿ ಇಲ್ಲ. ಅದು ಅಷ್ಟಾಗಿ ಕುಗ್ಗುವುದಿಲ್ಲ.

ಫ್ರೇಮೂ ತೇಗದ್ದೇ ಆದರೆ ಬಿಳಿ ಪೇಂಟಿನ ಅಡಿಯಿಂದ ಹಳದಿ ಕಲೆ ಏಳಬಹುದು. ಮೊದಲು ಮೇಣದ ಅಂಶವಿಲ್ಲದ ಶೆಲಾಕ್ (ಅರಗಿನಿಂದ ಮಾಡಿದ ಲೇಪ) ಒಂದು ಕೋಟ್ ಹಾಕಿ, ಆಮೇಲೆ ಪ್ರೈಮರ್. ಇದನ್ನು ತಪ್ಪಿಸಬೇಡಿ.

ಬಾಗಿಲು ಆಗಲೇ ಜೋಡಿಸಿದ್ದರೆ? ಆಗಲೂ ಹಲಗೆಯೇ ಮೊದಲು. ಕ್ಲಿಯರ್ ಕೋಟ್ ಮೇಲೆ ಬಿದ್ದ ಪೇಂಟನ್ನು ಕೂಡಲೇ ಒರೆಸಬಹುದು, ಬಿಳಿ ಪೇಂಟಿನ ಮೇಲೆ ಬಿದ್ದ ಸ್ಟೇನ್ ಹೋಗುವುದಿಲ್ಲ ಅಲ್ವಾ? ಹಲಗೆಗೆ ಟೇಪ್ ಅಂಟಿಸಿ, ಅದರ ಅಂಚಿನುದ್ದಕ್ಕೂ ಮೊದಲು ಕ್ಲಿಯರ್ ಕೋಟ್ ಎಳೆಯಿರಿ. ಟೇಪಿನಡಿ ಸಂದು ಇದ್ದರೆ ಅದೇ ಮುಚ್ಚುತ್ತದೆ, ಪೇಂಟ್ ನುಗ್ಗುವುದಿಲ್ಲ. ಪೇಂಟ್ ಪೂರ್ತಿ ಗಟ್ಟಿಯಾಗುವ ಮೊದಲೇ ಟೇಪ್ ಕಿತ್ತರೆ ಗೆರೆ ಕತ್ತರಿಸಿದ ಹಾಗೆ ಬರುತ್ತದೆ.

ಮೈಸೂರಿನ ಆ ಬಾಗಿಲುಗಳನ್ನು ಬಿಚ್ಚಲು ಆಗಲಿಲ್ಲ. ಏಪ್ರಿಲ್‌ನಲ್ಲಿ, ಹಲಗೆಗಳು ಪೂರ್ತಿ ಕುಗ್ಗಿದ್ದಾಗ, ಸಣ್ಣ ಬ್ರಷ್ ಹಿಡಿದು 28 ಗೆರೆಗಳಿಗೂ ಒಂದೊಂದಾಗಿ ಸ್ಟೇನ್ ತುಂಬಿದೆ. ಎರಡು ದಿನ ಹಿಡಿಯಿತು. ಆ ಗೆರೆಗಳು ಮತ್ತೆ ಕಾಣಿಸಿಲ್ಲ.